ಉಬ್ಬಿದ ಮಾತ್ರಕ್ಕೆ ಪೂರಿ ಗರಿಗರಿಯಾಗದು

ಪಾನಿಪೂರಿಯ ಪೂರಿಯನ್ನು ಮನೆಯಲ್ಲೇ ಕರಿಯಲು ಹೊರಟವರ ದೂರು ಎರಡೇ. ಒಂದು, ಪೂರಿ ಉಬ್ಬಲೇ ಇಲ್ಲ. ಇನ್ನೊಂದು, ಚೆನ್ನಾಗಿಯೇ ಉಬ್ಬಿತು, ತಟ್ಟೆಗೆ ತೆಗೆದಾಗ ಗರಿಗರಿಯಾಗಿಯೂ ಇತ್ತು, ಆದರೆ ಆಲೂಗಡ್ಡೆ ಕಿವುಚಿ ಪಾನಿ ಬೆರೆಸುವಷ್ಟರಲ್ಲಿ ಮೆತ್ತಗಾಗಿ ಕೂತಿತು. ಎರಡಕ್ಕೂ ಸಿಗುವ ಸಲಹೆ ಮಾತ್ರ ಒಂದೇ ಬಗೆಯದು: ಸೋಡಾ ಸ್ವಲ್ಪ ಜಾಸ್ತಿ ಹಾಕಿ, ಮೈದಾ ಹೆಚ್ಚಿಸಿ, ಇಲ್ಲವೇ ಕಲಸುವಾಗ ಒಂದು ಚಮಚ ಬಿಸಿ ಎಣ್ಣೆ ಬಿಡಿ. ಮೂರೂ ರೋಗಕ್ಕೆ ತಕ್ಕ ಮದ್ದಲ್ಲ. ಪೂರಿ ಉಬ್ಬುವುದು ಒಂದು ಕೆಲಸ, ಗರಿಗರಿಯಾಗುವುದು ಇನ್ನೊಂದು ಕೆಲಸ. ಮೊದಲನೆಯದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಎರಡನೆಯದಕ್ಕೆ ನಿಮಿಷಗಳು ಬೇಕು. ಎರಡನ್ನೂ ಒಂದೇ ಉರಿಯಲ್ಲಿ ಒಂದೇ ಉಸಿರಿಗೆ ಮುಗಿಸಲು ಹೋಗುವುದರಿಂದಲೇ ಹೆಚ್ಚಿನ ಪೂರಿಗಳು ಕೆಡುವುದು.

ದೆಹಲಿಯ ಗೋಲ್‌ಗಪ್ಪಾ, ಕೋಲ್ಕತ್ತದ ಫುಚ್ಕಾ, ಲಖನೌದ ಪಾನಿ ಕೆ ಬತಾಶೆ, ಒಡಿಶಾದ ಗುಪ್‌ಚುಪ್, ಮುಂಬೈಯಲ್ಲೂ ನಮ್ಮಲ್ಲೂ ಪಾನಿಪೂರಿ. ಒಳಗೆ ತುಂಬುವುದರಲ್ಲಿ, ನೀರಿನ ಹುಳಿ–ಖಾರದಲ್ಲಿ ಊರೂರಿಗೂ ವ್ಯತ್ಯಾಸವಿದೆ. ಪೂರಿಯ ಒಳಗುಟ್ಟು ಮಾತ್ರ ಎಲ್ಲ ಕಡೆಯೂ ಒಂದೇ, ಅದು ನೀರು. ಹಿಟ್ಟಿನಲ್ಲಿರುವ ನೀರು ಯಾವಾಗ, ಎಷ್ಟು ಬೇಗ, ಎಷ್ಟರ ಮಟ್ಟಿಗೆ ಹೊರಗೆ ಹೋಗುತ್ತದೆ ಎಂಬುದೇ ಈ ತಿಂಡಿಯ ಪೂರ್ತಿ ಲೆಕ್ಕ.

ಲೆಕ್ಕ ಎಂದಮೇಲೆ ಅದನ್ನು ಮಾಡಿಯೇ ನೋಡೋಣ. ಐದು ಸೆಂಟಿಮೀಟರ್ ಅಗಲದ ಒಂದು ಹಸಿ ಪೂರಿ ಸುಮಾರು ಮೂರು ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಅದರಲ್ಲಿ ನೀರೇ ಹತ್ತಿರಹತ್ತಿರ ಒಂದು ಗ್ರಾಂ. ನೀರು ಕುದಿದು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉಬ್ಬಿದ ಪೂರಿಯ ಹೊಟ್ಟೆಯಲ್ಲಿ ಹಿಡಿಸುವುದು ಮೂವತ್ತು–ನಲವತ್ತು ಮಿಲಿಲೀಟರ್ ಮಾತ್ರ. ಅಷ್ಟು ಜಾಗ ತುಂಬಲು ಬೇಕಾದ ಆವಿಗೆ ಅರ್ಧ ಹನಿ ನೀರು ಸಾಕು! ಉಬ್ಬಿಸುವ ಶಕ್ತಿ ಹಿಟ್ಟಿನೊಳಗೇ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಹಾಗಾಗಿ ಅಡುಗೆ ಸೋಡಾದ ಹಂಗು ಇಲ್ಲಿ ಬೇಕಿಲ್ಲ. ಒಂದು ಚಿಟಿಕೆ ಹಾಕಿದರೆ ನಷ್ಟವೇನೂ ಆಗದು. ಹೆಚ್ಚಾದರೆ ಪೂರಿ ಬೇಯುವ ಮೊದಲೇ ಕೆಂಪಾಗುತ್ತದೆ, ಎಣ್ಣೆ ಕುಡಿಯುತ್ತದೆ, ಬಾಯಿಗೆ ಸೋಪಿನ ರುಚಿ ತಾಗುತ್ತದೆ. ಹಿಟ್ಟನ್ನು ಸೋಡಾ ನೀರಿನಲ್ಲಿ ಕಲಸುವ ಪದ್ಧತಿಯೂ ಕೆಲವರಲ್ಲಿದೆ. ಆ ಗುಳ್ಳೆಗಳಲ್ಲಿ ಹೆಚ್ಚಿನವು ನಾದುವಾಗಲೇ ಹಾರಿಹೋಗುವುದರಿಂದ ದುಡ್ಡು ದಂಡ.

ಇದೇ ಲೆಕ್ಕದ ಇನ್ನೊಂದು ಮುಖ: ಉಬ್ಬಲು ಅರ್ಧ ಹನಿ ಸಾಕಾದರೆ ಉಳಿದ ನೀರು ಎಲ್ಲಿಗೆ ಹೋಯಿತು? ಉಬ್ಬಿದ ಕೂಡಲೇ ಪೂರಿಯನ್ನು ತೆಗೆದುಬಿಟ್ಟರೆ ಬಹುಪಾಲು ಅದರ ಗೋಡೆಯಲ್ಲೇ ಇರುತ್ತದೆ. ಸಾಗುವಿನ ಜೊತೆ ತಿನ್ನುವ ದೊಡ್ಡ ಪೂರಿಗೆ ಅದು ಇದ್ದರೇ ಚೆಂದ, ಅದರಿಂದಲೇ ಅದು ಮೃದುವಾಗಿರುತ್ತದೆ. ಪಾನಿಪೂರಿಯ ಪೂರಿಗೆ ಅದೇ ನೀರು ವೈರಿ. ದೊಡ್ಡ ಪೂರಿಯ ಹಿಟ್ಟನ್ನೇ ಚಿಕ್ಕದಾಗಿ ಲಟ್ಟಿಸಿ ಕರಿದರೆ ಪಾನಿಪೂರಿಯ ಪೂರಿ ಆಗುವುದಿಲ್ಲ ಎನ್ನುವುದು ಇದಕ್ಕೇ.

ರವೆ ಯಾವುದು, ಏಕೆ

ಅಂಗಡಿಯಲ್ಲಿ ಚಿರೋಟಿ ರವೆ ಎಂದೇ ಕೇಳಿ ತನ್ನಿ. ಉಪ್ಪಿಟ್ಟಿನ ದಪ್ಪ ರವೆ ಆಗದು. ಅದರ ಕಾಳು ನೆನೆಯುವುದು ತಡ, ತೆಳ್ಳಗೆ ಲಟ್ಟಿಸಿದಾಗ ಅದೇ ಕಾಳು ಹಾಳೆಯನ್ನು ತೂತು ಮಾಡುತ್ತದೆ, ತೂತಾದಲ್ಲಿ ಆವಿ ನಿಲ್ಲುವುದಿಲ್ಲ. ದಪ್ಪ ರವೆಯೇ ಮನೆಯಲ್ಲಿದ್ದರೆ ಮಿಕ್ಸಿಯಲ್ಲಿ ನಾಲ್ಕು ಸುತ್ತು ತಿರುಗಿಸಿ ಜರಡಿ ಹಿಡಿಯಿರಿ. ಒಂದು ಎಚ್ಚರ: ಪ್ಯಾಕೆಟ್ಟಿನಲ್ಲಿ ಹುರಿದೇ ಬರುವ ರವೆ ಇದಕ್ಕೆ ಖಂಡಿತ ಬೇಡ. ಗೋಧಿಯಲ್ಲಿರುವ ಪ್ರೋಟೀನುಗಳು ನೀರು ಸೇರಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲೂಟನ್ ಎಂಬ ಹಿಗ್ಗುವ ಬಲೆಯಾಗುತ್ತವೆ. ಆವಿಯನ್ನು ಹಿಡಿದಿಟ್ಟುಕೊಳ್ಳುವುದು ಆ ಬಲೆಯೇ. ಹುರಿದಾಗ ಆ ಪ್ರೋಟೀನು ಕೆಟ್ಟುಹೋಗುವುದರಿಂದ ಹಿಟ್ಟಿಗೆ ಬಿಗಿ ಬರುವುದಿಲ್ಲ. ಉಪ್ಪಿಟ್ಟು ಉದುರುದುರಾಗಲು ರವೆ ಹುರಿಯುವುದೂ ಇದೇ ಗುಣವನ್ನು ನೆಚ್ಚಿಯೇ.

ಬರೀ ರವೆಯಲ್ಲೂ ಪೂರಿ ಮಾಡಬಹುದು. ಆದರೆ ಲಟ್ಟಿಸುವಾಗ ಅಂಚು ಸೀಳುತ್ತದೆ. ಒಂದು ಲೋಟ ಚಿರೋಟಿ ರವೆಗೆ ಎರಡು ದೊಡ್ಡ ಚಮಚ ಮೈದಾ ಸೇರಿಸಿದರೆ ಹಿಟ್ಟಿಗೆ ಎಳೆತ ಬರುತ್ತದೆ. ಮೈದಾ ಅದಕ್ಕಿಂತ ಬಹಳ ಹೆಚ್ಚಾದರೆ ಪೂರಿ ಚೆನ್ನಾಗಿಯೇ ಉಬ್ಬಿದರೂ ಆರಿದಮೇಲೆ ಕಚ್ಚಿದರೆ ಮುರಿಯದೆ ಜಗ್ಗುತ್ತದೆ. ಗೋಧಿ ಹಿಟ್ಟಿನ ಪೂರಿಗೆ ರುಚಿಯೂ ಬಣ್ಣವೂ ಹೆಚ್ಚು. ಕೋಲ್ಕತ್ತದ ಫುಚ್ಕಾ ಕಂದುಗಪ್ಪಾಗಿರುವುದಕ್ಕೆ ಗೋಧಿ ಹಿಟ್ಟು ಕಾರಣ. ಮೊದಲ ಸಲ ಮಾಡುವವರು ರವೆಯಲ್ಲೇ ಶುರು ಮಾಡುವುದು ಒಳ್ಳೆಯದು. ಗೋಧಿ ಹಿಟ್ಟಿನ ತೌಡು ನೀರು ಕುಡಿಯುತ್ತದೆ, ಗ್ಲೂಟನ್ನಿನ ಎಳೆಗಳನ್ನು ಅಲ್ಲಲ್ಲಿ ತುಂಡರಿಸುತ್ತದೆ. ಅದರ ಹದ ಕೈಗೆ ಸಿಗುವುದಕ್ಕೆ ಸ್ವಲ್ಪ ರೂಢಿ ಬೇಕು.

ಇನ್ನು ಬಿಸಿ ಎಣ್ಣೆಯ ವಿಚಾರ. ನಿಪ್ಪಟ್ಟು, ಕೋಡುಬಳೆ, ಶಂಕರಪೋಳಿ ಮಾಡುವವರಿಗೆಲ್ಲ ಹಿಟ್ಟಿಗೆ ಕಾದ ಎಣ್ಣೆಯನ್ನೋ ತುಪ್ಪವನ್ನೋ ಹಾಕುವ ಅಭ್ಯಾಸ. ಅಲ್ಲಿ ಅದು ಸರಿ. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅದರಿಂದಲೇ ನಿಪ್ಪಟ್ಟು ಬಾಯಲ್ಲಿಟ್ಟರೆ ಪುಡಿಯಾಗುವುದು. ನಮ್ಮ ಪೂರಿಗೆ ಬೇಕಾದದ್ದು ಅದರ ತದ್ವಿರುದ್ಧ: ಕಣಗಳು ಒಂದಕ್ಕೊಂದು ಅಂಟಬೇಕು, ತೂತಿಲ್ಲದ ಹಾಳೆಯಾಗಬೇಕು, ಆವಿಯ ಒತ್ತಡಕ್ಕೆ ಹರಿಯದೆ ಹಿಗ್ಗಬೇಕು. ಕಲಸುವಾಗ ಎಣ್ಣೆ ಬೇಡ. ಉಪ್ಪು ಕಾಲು ಚಮಚ, ಅಷ್ಟೇ.

ಕಲಸಿ, ನಾದಿ, ಮುಚ್ಚಿಡುವುದು

ನೀರು ಉಗುರುಬೆಚ್ಚಗಿರಲಿ. ಒಂದು ಲೋಟ ರವೆಗೆ ಮೂರನೇ ಒಂದು ಲೋಟದಿಂದ ಅರ್ಧ ಲೋಟದೊಳಗೆ ಹಿಡಿಯುತ್ತದೆ. ಚಮಚ ಚಮಚವಾಗಿ ಬಿಡಿ. ರವೆ ಮೋಸಗಾರ: ಕಲಸುವಾಗ ನೀರು ಹೆಚ್ಚಾದಂತೆ ಕಾಣುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿದರೆ ಎಲ್ಲವನ್ನೂ ಕುಡಿದು ಗಟ್ಟಿಯಾಗಿರುತ್ತದೆ. ಆದ್ದರಿಂದ ಮೊದಲಿಗೆ ಹಿಟ್ಟು ಚಪಾತಿಯ ಹದಕ್ಕಿಂತ ಒಂದಿಷ್ಟು ಗಟ್ಟಿಯಾಗಿರುವಂತೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಿ. ಆ ಅರ್ಧ ಗಂಟೆಯಲ್ಲಿ ಎರಡು ಕೆಲಸ ಆಗುತ್ತವೆ. ರವೆಯ ಕಾಳಿನ ನಡುವಿನವರೆಗೂ ನೀರು ಇಳಿಯುತ್ತದೆ. ಬಿಗಿದುಕೊಂಡಿದ್ದ ಗ್ಲೂಟನ್ ಸಡಿಲಗೊಂಡು, ಲಟ್ಟಿಸಿದ ಹಾಳೆ ಮತ್ತೆ ಮುದುಡಿಕೊಳ್ಳುವುದು ನಿಲ್ಲುತ್ತದೆ. ಆಮೇಲೆ ಇನ್ನೊಮ್ಮೆ ಐದಾರು ನಿಮಿಷ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಹಿಟ್ಟು ನುಣುಪಾಗಬೇಕು, ಬೆರಳಿಂದ ಒತ್ತಿದರೆ ಗುಂಡಿ ಬಿದ್ದು ನಿಧಾನವಾಗಿ ಮೇಲೇಳಬೇಕು. ಈ ಎರಡನೇ ನಾದುವಿಕೆಗೆ ಮೈಗಳ್ಳತನ ಮಾಡಿದರೆ ಫಲ ಎಣ್ಣೆಯಲ್ಲಿ ಕಾಣಿಸುತ್ತದೆ.

ಹಿಟ್ಟನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ಒಂದೊಂದಾಗಿ ಲಟ್ಟಿಸುವುದು ಮದುವೆಮನೆಯ ಕೆಲಸ. ಮನೆಗೆ ಅಷ್ಟು ಬೇಡ. ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದುಕೊಂಡು ದೊಡ್ಡದಾಗಿ ಲಟ್ಟಿಸಿ, ಅಂಚು ಚೂಪಾದ ಸ್ಟೀಲ್ ಬಟ್ಟಲಿನಿಂದಲೋ ಡಬ್ಬದ ಮುಚ್ಚಳದಿಂದಲೋ ಬಿಲ್ಲೆ ಕತ್ತರಿಸಿ. ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ಒಳಗಿನ ನೀರು ಹೊರಬರುವುದಿಲ್ಲ; ತೀರಾ ತೆಳ್ಳಗಾದರೆ ಎರಡು ಪದರ ಬೇರೆಯಾಗುವ ಮೊದಲೇ ಹಾಳೆ ಒಣಗಿ ಬಿಲ್ಲೆಯಂತೆಯೇ ಉಳಿಯುತ್ತದೆ. ದಪ್ಪಕ್ಕಿಂತಲೂ ಮುಖ್ಯ, ಅದು ಎಲ್ಲ ಕಡೆ ಒಂದೇ ಸಮ ಇರುವುದು. ನಡುವೆ ದಪ್ಪ, ಅಂಚಿನಲ್ಲಿ ತೆಳುವಾದರೆ ಪೂರಿ ಒಂದು ಮೂಲೆಯಲ್ಲಿ ಮಾತ್ರ ಉಬ್ಬುತ್ತದೆ. ಮಣೆಗೆ ಒಣ ಹಿಟ್ಟು ಉದುರಿಸಬೇಡಿ. ಆ ಪುಡಿ ಎಣ್ಣೆಗೆ ಬಿದ್ದು ಕರಕಲಾಗಿ ಎರಡನೇ ಸರತಿಯ ಪೂರಿಗೆಲ್ಲ ಅಂಟುತ್ತದೆ. ಮಣೆಗೂ ಲಟ್ಟಣಿಗೆಗೂ ಎರಡು ಹನಿ ಎಣ್ಣೆ ಸವರಿದರೆ ಸಾಕು.

ಕತ್ತರಿಸಿದ ಬಿಲ್ಲೆಗಳನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯ ಕೆಳಗೆ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಫ್ಯಾನ್ ಆರಿಸಿ. ಗಾಳಿಗೆ ಮೇಲ್ಮೈ ಒಣಗಿದರೆ ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಆವಿ ಸೋರುತ್ತದೆ. ಉಬ್ಬದ ಪೂರಿಗಳಿಗೆ ಅತಿ ಸಾಮಾನ್ಯ ಕಾರಣ ಇದೇ ಇರಬೇಕೆಂದು ನನ್ನ ಅಂದಾಜು. ದೂರು ಮಾತ್ರ ಯಾವಾಗಲೂ ಹಿಟ್ಟಿನ ಮೇಲೆ.

ಎರಡು ಉರಿ

ಎಣ್ಣೆ ಮೊದಲು 180ರಿಂದ 190 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಚೂರು ಹಿಟ್ಟು ಹಾಕಿ ನೋಡಿ: ತಳ ಮುಟ್ಟಿ ಅಲ್ಲೇ ಕೂತರೆ ಸಾಲದು, ಬಿದ್ದ ತಕ್ಷಣ ಕೆಂಪಾದರೆ ಅತಿಯಾಯಿತು, ಸರ್ರನೆ ಮೇಲೆ ಬಂದು ಬಣ್ಣ ಬದಲಿಸದೆ ತೇಲಿದರೆ ಸರಿ. ಬಿಲ್ಲೆಯನ್ನು ಬಾಣಲೆಯ ಅಂಚಿನಿಂದ ಜಾರಿಸಿ ಬಿಡಿ. ಮೇಲೆದ್ದು ಬಂದ ಕೂಡಲೇ ಜಾಲರಿ ಸೌಟಿನ ಬೆನ್ನಿನಿಂದ ಮೃದುವಾಗಿ ಒತ್ತಿ ಎಣ್ಣೆಯೊಳಗೆ ಮುಳುಗಿಸಿ. ಹೀಗೆ ಒತ್ತುವುದು ಕೈಗೆ ಹತ್ತಿದ ಚಟವಲ್ಲ. ತೇಲುವ ಬಿಲ್ಲೆಯ ಕೆಳಮುಖ ಮಾತ್ರ ಬೇಯುತ್ತದೆ, ಮೇಲ್ಮುಖ ಹಸಿಯಾಗಿರುತ್ತದೆ. ಮುಳುಗಿಸಿದಾಗ ಎರಡೂ ಮುಖ ಒಟ್ಟಿಗೆ ಬೆಂದು ಗಟ್ಟಿಯಾಗುತ್ತವೆ. ನಡುವಿನ ಹಸಿ ಪದರದಲ್ಲಿ ಹುಟ್ಟಿದ ಆವಿ ಹೊರಗೆ ದಾರಿಯಿಲ್ಲದೆ ಎರಡು ಮುಖಗಳನ್ನು ಒಂದರಿಂದೊಂದು ಬಿಡಿಸಿ ದೂಡುತ್ತದೆ. ಪೂರಿ ಚೆಂಡಾಗುವುದು ಆ ಗಳಿಗೆಯಲ್ಲಿ. ಎಣ್ಣೆ ತಣ್ಣಗಿದ್ದರೆ ಆವಿ ನಿಧಾನವಾಗಿ ಹುಟ್ಟಿ, ಹುಟ್ಟಿದ್ದೆಲ್ಲ ಮೇಲ್ಮೈಯ ಮೂಲಕ ನುಸುಳಿಹೋಗುತ್ತದೆ, ಒತ್ತಡ ಕಟ್ಟುವುದಿಲ್ಲ. ಒಂದೇ ಸಲಕ್ಕೆ ಇಪ್ಪತ್ತು ಬಿಲ್ಲೆ ಸುರಿದಾಗ ಆಗುವುದೂ ಇದೇ. ಎಣ್ಣೆಯ ಶಾಖವೆಲ್ಲ ಹಸಿ ಹಿಟ್ಟಿಗೆ ಹೋಗಿ ಉಬ್ಬಿಸಲು ಏನೂ ಉಳಿದಿರುವುದಿಲ್ಲ. ಮನೆಯ ಬಾಣಲೆಗೆ ಆರೇಳು ಸಾಕು.

ಇಲ್ಲಿಗೆ ಅರ್ಧ ಕೆಲಸವಾಯಿತು. ಹೆಚ್ಚಿನವರು ಇಲ್ಲೇ ನಿಲ್ಲಿಸುತ್ತಾರೆ. ಉಬ್ಬಿದ ಪೂರಿ ದೊಡ್ಡ ಉರಿಯಲ್ಲಿ ಇನ್ನರ್ಧ ನಿಮಿಷಕ್ಕೆ ಹೊಂಬಣ್ಣಕ್ಕೆ ತಿರುಗುವುದರಿಂದ, ಆಯಿತೆಂದುಕೊಂಡು ತೆಗೆದುಬಿಡುತ್ತಾರೆ. ಬಣ್ಣ ಹೊರಮೈಯ ಸಮಾಚಾರ. ಹೊರಮೈ ಒಣಗಿ ಕೆಂಪಾಗಿದ್ದರೂ ಗೋಡೆಯ ಒಳಪದರ ಇನ್ನೂ ತೇವವಾಗಿಯೇ ಇರುತ್ತದೆ. ತಟ್ಟೆಯಲ್ಲಿ ಆರುವಾಗ ಆ ತೇವ ಒಣಗಿದ ಹೊರಪದರಕ್ಕೆ ಹರಡಿ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಕರಿದ ಕೂಡಲೇ ಗರಿಗರಿ, ಹತ್ತು ನಿಮಿಷಕ್ಕೆ ಮೆತ್ತಗೆ ಎನ್ನುವ ದೂರಿನ ಮೂಲ ಇದು.

ಆದ್ದರಿಂದ ಪೂರಿ ಉಬ್ಬಿದ ಕೂಡಲೇ ಉರಿ ಇಳಿಸಿ. ಸಣ್ಣಕ್ಕೂ ಮಧ್ಯಮಕ್ಕೂ ನಡುವೆ ಇರಲಿ. ತಿರುಗಿಸುತ್ತಾ ಎರಡು–ಮೂರು ನಿಮಿಷ ಬಿಡಿ. ಕಣ್ಣು ಬಣ್ಣದ ಮೇಲಿರುವುದಕ್ಕಿಂತ ಗುಳ್ಳೆಗಳ ಮೇಲಿರಲಿ. ಪೂರಿಯ ಸುತ್ತ ಏಳುವ ಗುಳ್ಳೆಯೆಂದರೆ ಹಿಟ್ಟಿನಿಂದ ಹೊರಡುತ್ತಿರುವ ನೀರು. ಮೊದಲು ಜೋರಾಗಿ ಕುದಿಯುವಂತೆ ಏಳುತ್ತದೆ, ಬರಬರುತ್ತಾ ಕಡಿಮೆಯಾಗುತ್ತದೆ, ಕೊನೆಗೆ ಅಲ್ಲೊಂದು ಇಲ್ಲೊಂದು. ಚುರ್ರ್ ಎನ್ನುವ ಸದ್ದೂ ಇಳಿಯುತ್ತದೆ. ಗುಳ್ಳೆ ನಿಂತ ಪೂರಿಯನ್ನು ಸೌಟಿನಿಂದ ತಟ್ಟಿದರೆ ಟಕ್ ಎಂಬ ಒಣ ಸದ್ದು ಬರಬೇಕು. ತೆಗೆಯುವ ಹೊತ್ತು ಅದೇ. ಚಕ್ಕುಲಿ ಕರಿದು ರೂಢಿ ಇರುವ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೊರೆ ನಿಂತಮೇಲೆ ತೆಗೆಯಬೇಕು ಎನ್ನುವುದು ಅವರ ಹಳೆಯ ಪಾಠ.

ಪ್ರತಿ ಸರತಿಗೂ ಉರಿ ಏರಿಸಿ ಇಳಿಸುವುದು ಬೇಸರದ ಕೆಲಸ, ಗ್ಯಾಸೂ ದಂಡ. ಇದಕ್ಕೆ ಒಂದು ಒಳದಾರಿ ಇದೆ. ಮೊದಲು ಎಲ್ಲ ಪೂರಿಗಳನ್ನೂ ದೊಡ್ಡ ಉರಿಯಲ್ಲಿ ಉಬ್ಬಿಸಿ, ಬಣ್ಣ ಬರುವ ಮೊದಲೇ ತೆಗೆದು ಹರಡಿಡಿ. ಕೊನೆಗೆ ಉರಿ ಇಳಿಸಿ, ಎಣ್ಣೆಯ ಕಾವು ತಗ್ಗಿದ ಮೇಲೆ ಒಂದೊಂದು ಸಲಕ್ಕೆ ಹದಿನೈದು ಇಪ್ಪತ್ತರಂತೆ ಹಾಕಿ ಗುಳ್ಳೆ ನಿಲ್ಲುವವರೆಗೆ ಕರಿಯಿರಿ. ಈಗ ಅವು ಉಬ್ಬಿ ಗಟ್ಟಿಯಾಗಿರುವುದರಿಂದ ಬಾಣಲೆ ತುಂಬಾ ಹಾಕಿದರೂ ಚಿಂತೆಯಿಲ್ಲ. ಮನೆಯಲ್ಲಿ ಓವನ್ ಇದ್ದರೆ ಎರಡನೇ ಹಂತವನ್ನು ಅದಕ್ಕೇ ಬಿಡಬಹುದು: 110–120 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ. ಎಣ್ಣೆಯೂ ಕಡಿಮೆ ಹಿಡಿಯುತ್ತದೆ.

ಒಂದೆರಡು ಅಪಾಯದ ಮಾತು. ತೂತಾದ ಪೂರಿಯ ಹೊಟ್ಟೆಯೊಳಗೆ ಕುದಿಯುವ ಎಣ್ಣೆ ತುಂಬಿಕೊಂಡಿರುತ್ತದೆ; ಬಾಣಲೆಯ ಮೇಲೆಯೇ ಅದನ್ನು ಬಗ್ಗಿಸಿ ಸುರಿದು ಆಮೇಲೆ ತೆಗೆಯಿರಿ, ಬಿಸಿಯಲ್ಲೇ ಮಕ್ಕಳ ಕೈಗೆ ಕೊಡಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ತಟ್ಟೆ ಮುಚ್ಚಿ. ಕರಿದುಳಿದ ಎಣ್ಣೆಯನ್ನು ಸೋಸಿ ಒಗ್ಗರಣೆಗೆ ಬಳಸಿ ಬೇಗ ಮುಗಿಸಿ, ಮತ್ತೆ ಮತ್ತೆ ಕರಿಯಲು ಇಡಬೇಡಿ. ಪದೇಪದೇ ಕಾದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂದು ಹೋಟೆಲುಗಳಿಗೆ ನಿಯಮವೇ ಇದೆ. ಮನೆಯಲ್ಲಿ ಅಳೆಯುವ ಸಾಧನ ಇರುವುದಿಲ್ಲ. ಎಣ್ಣೆ ಕಪ್ಪಾಗಿ, ಅಂಟಾಗಿ, ನೊರೆ ಕಟ್ಟಿದರೆ ಚೆಲ್ಲುವುದೇ ಲೇಸು.

ಆರಿಸುವುದು, ಡಬ್ಬಕ್ಕೆ ಹಾಕುವುದು

ಬಿಸಿ ಪೂರಿಯನ್ನು ಪಾತ್ರೆಗೆ ತುಂಬಿ ಮುಚ್ಚಿದರೆ ಅದರದೇ ಆವಿಯಲ್ಲಿ ಅದು ಬೆವರುತ್ತದೆ. ಅಗಲವಾದ ತಂತಿ ಜಾಲರಿಯ ಮೇಲೋ ಮೊರದಲ್ಲೋ ಒಂಟಿ ಪದರವಾಗಿ ಹರಡಿ ಪೂರ್ತಿ ಆರಲು ಬಿಡಿ. ಪತ್ರಿಕೆಯ ಕಾಗದ ಬೇಡ, ಅದರ ಶಾಯಿ ಎಣ್ಣೆಯ ಪದಾರ್ಥಕ್ಕೆ ಅಂಟುತ್ತದೆ. ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿದರೆ ವಾರ ಹತ್ತು ದಿನ ಗರಿಗರಿಯಾಗಿಯೇ ಇರುತ್ತದೆ. ಆಮೇಲೆ ಮೆತ್ತಗಾಗದಿದ್ದರೂ ಎಣ್ಣೆಯ ಕಮಟು ವಾಸನೆ ಶುರುವಾಗಬಹುದು.

ಚೆನ್ನಾಗಿ ಒಣಗಿದ ಪೂರಿಗೆ ಗಾಳಿಯಿಂದ ತೇವ ಹೀರುವ ಗುಣ ಇದ್ದೇ ಇದೆ. ಒಣಗಿದ ಪಿಷ್ಟ ಮತ್ತು ಗ್ಲೂಟನ್ ಗಾಜಿನಂತೆ ಬಿರುಸಾಗಿರುತ್ತವೆ, ಒತ್ತಿದರೆ ಬಗ್ಗದೆ ಸಿಡಿಯುತ್ತವೆ. ನಾವು ಗರಿಗರಿ ಎನ್ನುವುದು ಆ ಸಿಡಿತವನ್ನು. ಒಂದಿಷ್ಟು ನೀರಿನಂಶ ಸೇರಿದರೆ ಅವೇ ರಬ್ಬರಿನ ಗುಣಕ್ಕೆ ತಿರುಗುತ್ತವೆ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬದ ಬಾಯಿ ಹತ್ತು ನಿಮಿಷ ತೆರೆದಿದ್ದರೂ ಸಾಕು, ಮೇಲಿನ ಪದರ ಮೆತ್ತಗಾಗಲು. ಇದು ಹಿಂತಿರುಗಿಸಬಹುದಾದ ಕೆಡುಕು: ಸಣ್ಣ ಉರಿಯ ದಪ್ಪ ತವಾದ ಮೇಲೆ ಎಣ್ಣೆಯಿಲ್ಲದೆ ಹೊರಳಿಸುತ್ತಾ ಬಿಸಿ ಮಾಡಿ ಆರಿಸಿದರೆ ಗರಿ ಮತ್ತೆ ಬರುತ್ತದೆ. ಕರಿಯುವಾಗಲೇ ಅರೆಬರೆ ಒಣಗಿದ್ದ ಪೂರಿಗೂ ಇದೇ ಚಿಕಿತ್ಸೆ.

ಎಷ್ಟು ಎಚ್ಚರ ವಹಿಸಿದರೂ ಹತ್ತರಲ್ಲಿ ಒಂದೆರಡು ಉಬ್ಬದೆ ಚಪ್ಪಟೆಯಾಗಿಯೇ ಉಳಿಯುತ್ತವೆ. ಅವನ್ನು ಎಸೆಯಬೇಡಿ. ಗರಿಗರಿಯಾಗಿ ಕರಿದಿದ್ದರೆ ಅವು ಪಾಪ್ಡಿಯಂತೆಯೇ ಬಳಕೆಗೆ ಬರುತ್ತವೆ. ಚಾಟ್ ಮಾಡುವವರು ಪಾಪ್ಡಿ ಉಬ್ಬಬಾರದೆಂದು ಮುಳ್ಳುಚಮಚದಿಂದ ಚುಚ್ಚಿ ಬೇಕಂತಲೇ ತೂತು ಮಾಡಿ ಕರಿಯುತ್ತಾರೆ. ಬೆಂಗಳೂರು, ಮೈಸೂರುಗಳ ಮಸಾಲಪೂರಿಗಂತೂ ಒಡೆದ ಪೂರಿ, ಚಪ್ಪಟೆ ಪೂರಿ ಎಲ್ಲವೂ ನಡೆಯುತ್ತದೆ. ಹೇಗೂ ಪುಡಿ ಮಾಡಿಯೇ ಬಟಾಣಿಯ ಬಿಸಿ ಮಸಾಲೆ ಸುರಿಯುವುದಲ್ಲವೇ? ಅಲ್ಲಿ ಪೂರಿ ಅರ್ಧ ನೆನೆದು ಅರ್ಧ ಗರಿಯಾಗಿ ಉಳಿಯುವುದೇ ರುಚಿ. ಅದಕ್ಕಾಗಿಯೇ ಪೂರಿಯನ್ನು ತುಸು ದಪ್ಪಕ್ಕೆ ಲಟ್ಟಿಸಿಕೊಂಡರೆ ಮಸಾಲೆ ಬಿದ್ದ ಕೂಡಲೇ ಕರಗಿಹೋಗುವುದಿಲ್ಲ.

ಪಾನಿ ತುಂಬಲು ತೂತು ಮಾಡುವಾಗ ಪೂರಿಯ ಎರಡೂ ಬದಿ ಮುಟ್ಟಿ ನೋಡಿ. ಒಂದು ಬದಿ ಇನ್ನೊಂದಕ್ಕಿಂತ ತೆಳ್ಳಗಿರುತ್ತದೆ. ಗಾಡಿಯವರು ಹೆಬ್ಬೆರಳು ಒತ್ತುವುದು ಆ ಬದಿಗೇ, ದಪ್ಪ ಬದಿ ತಳವಾಗಿ ನೀರು ಹಿಡಿದುಕೊಳ್ಳಲಿ ಎಂದು.

ಇಷ್ಟೆಲ್ಲ ಓದಿದ ಮೇಲೆ ಇದು ಮನೆಯಲ್ಲಿ ಮಾಡುವಷ್ಟು ಬೆಲೆಬಾಳುವ ಕೆಲಸವೇ ಎಂಬ ಪ್ರಶ್ನೆ ಬರಬಹುದು. ಲಟ್ಟಿಸಿ ಒಣಗಿಸಿದ ಬಿಲ್ಲೆಗಳು ಪ್ಯಾಕೆಟ್ಟಿನಲ್ಲಿ ಸಿಗುತ್ತವೆ, ಕಾದ ಎಣ್ಣೆಗೆ ಹಾಕಿದರೆ ಮುಗಿಯಿತು. ಅವುಗಳಲ್ಲಿ ನೀರು ಮೊದಲೇ ಕಡಿಮೆ ಇರುವುದರಿಂದ ಬೇಗ ಗರಿಗರಿಯಾಗುತ್ತವೆ, ಕೆಡುವ ಭಯವೂ ಕಡಿಮೆ. ಹತ್ತಿಪ್ಪತ್ತು ಮಂದಿ ನೆಂಟರು ಬರುವವರಿದ್ದರೆ ನಾನಂತೂ ಅದನ್ನೇ ತರಲು ಹೇಳುತ್ತೇನೆ. ನಾಲ್ಕೈದು ಮಂದಿಯ ಮನೆಗಾದರೆ ಒಂದು ಲೋಟ ರವೆಯ ಪೂರಿ ಧಾರಾಳ, ಅದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು. ರುಚಿಯಲ್ಲಿ ಪ್ಯಾಕೆಟ್ಟಿನದು ಇದರ ಹತ್ತಿರ ಬರುವುದಿಲ್ಲ. ಪೂರಿಯನ್ನು ಹಿಂದಿನ ದಿನವೇ ಕರಿದು ಡಬ್ಬಕ್ಕೆ ಹಾಕಿಡಿ. ಪಾನಿಯನ್ನು ಮಾತ್ರ ಆ ದಿನವೇ, ಕುದಿಸಿ ಆರಿಸಿದ ನೀರಿನಲ್ಲಿ, ಪುದೀನ–ಕೊತ್ತಂಬರಿಯನ್ನು ಚೆನ್ನಾಗಿ ತೊಳೆದು ಮಾಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿದ ಪಾನಿಪೂರಿಯ ಮಾದರಿಗಳಲ್ಲಿ ಕೆಲವಕ್ಕೆ ಕೃತಕ ಬಣ್ಣ ಬೆರೆಸಿದ್ದು ಪತ್ತೆಯಾಗಿತ್ತು. ಮನೆಯ ಪಾನಿ ಅಷ್ಟೊಂದು ಹಸಿರಾಗಿ ಹೊಳೆಯದಿದ್ದರೆ ಬೇಸರ ಬೇಡ, ಪುದೀನದ ನಿಜವಾದ ಬಣ್ಣ ಮಂಕೇ.